ನೂರಹದಿಮೂರು ಕಿಲೋಮೀಟರಿನ ಪಂದ್ಯವೂ ನರೋಣೆಯ ತರುಣನೂ

ಬೆಂಗಳೂರು ದಕ್ಷಿಣ ಕ್ಷೇತ್ರದ ಲೋಕಸಭಾ ಸದಸ್ಯರಾದ ಶ್ರೀ ತೇಜಸ್ವಿ ಸೂರ್ಯ ಅವರು 2024ನೆಯ ಇಸವಿ ಅಕ್ಟೋಬರ್ 27ನೆಯ ತಾರೀಖು ಗೋವೆಯಲ್ಲಿ ‘ಐರನ್‌ಮ್ಯಾನ್ 70.3’ ಎಂಬ ಟ್ರಯಥ್ಲಾನ್ ಪಂದ್ಯವನ್ನು ಪೂರೈಸಿದ ಸಂಗತಿಯು ವಾಚಕರಿಗೆ ನೆನಪಿರಬಹುದು. ಸಮುದ್ರದಲ್ಲಿ 1.9 ಕಿಲೋಮೀಟರು ಈಜು, ಅದು ಮುಗಿದೊಡನೆ 90 ಕಿಲೋಮೀಟರು ಸೈಕಲ್ ಸವಾರಿ, ಸೈಕಲ್ಲಿನಿಂದ ಇಳಿದು 21.1 ಕಿಲೋಮೀಟರು ಓಟ. ನಡುವೆ ವಿಶ್ರಾಂತಿ ಎಂಬದಿಲ್ಲ, ಉಡುಪು ಬದಲಿಸುವ ಹೊತ್ತೂ ಲೆಕ್ಕಕ್ಕೆ ಸೇರುವದು. ಇದಿಷ್ಟಕ್ಕೂ ಕೊಟ್ಟಿರುವ ಅವಧಿಯು ಎಂಟೂವರೆ ಗಂಟೆ. ಅವರು ಮುಗಿಸಿದ್ದು 8 ಗಂಟೆ 27 ನಿಮಿಷ 32 ಸೆಕೆಂಡಿಗೆ. ಗಡುವಿಗೆ ಮೂರು ನಿಮಿಷವೂ ಉಳಿದಿರಲಿಲ್ಲ. ಮರುವರ್ಷ ಅದೇ ಪಂದ್ಯವನ್ನು ಇನ್ನೂ ಕಡಿಮೆ ಕಾಲದಲ್ಲಿ ಮುಗಿಸಿದರು. ಅವರ ರಾಜಕಾರಣವನ್ನು ಒಪ್ಪುವವರೂ ಒಪ್ಪದವರೂ ನಮ್ಮ ವಾಚಕರಲ್ಲಿದ್ದಾರೆ. ಆ ಚರ್ಚೆಗೆ ಇದು ಸ್ಥಳವಲ್ಲ. ನಮ್ಮ ಪ್ರಶ್ನೆಯೇ ಬೇರೆ. ಆಳಂದ ತಾಲೂಕಿನ ನರೋಣಾ ಗ್ರಾಮದ ಒಕ್ಕಲಿಗನ ಮಗನೊಬ್ಬನು ಇಂಥ ಪಂದ್ಯಕ್ಕೆ ಮೊದಲ ಸಲ ನಿಲ್ಲಬೇಕೆಂದು ಮನಸ್ಸು ಮಾಡಿದರೆ ಅವನಿಗೆ ಬೇಕಾದುದರಲ್ಲಿ ಎಷ್ಟು ಅವನ ಕೈಯಲ್ಲಿದೆ, ಎಷ್ಟು ಸರಕಾರದ ಕೈಯಲ್ಲಿದೆ ಎಂಬದು.

ಪಂದ್ಯದ ಹುಟ್ಟು ವಿನೋದಕರವಾದದ್ದು. ಈಜುವವನು, ಸೈಕಲ್ ತುಳಿಯುವವನು, ಓಡುವವನು ಈ ಮೂವರಲ್ಲಿ ಹೆಚ್ಚಿನ ಗಟ್ಟಿಗನು ಯಾರು ಎಂಬ ವಾದವು ಹವಾಯಿ ದ್ವೀಪಗಳಲ್ಲಿ ಎದ್ದಿತು. ಜಾನ್ ಕಾಲಿನ್ಸ್ ಎಂಬ ನೌಕಾದಳದ ಅಧಿಕಾರಿಯು ಮೂರನ್ನೂ ಒಟ್ಟಿಗೆ ಮಾಡಿ ನೋಡೋಣವೆಂದನು. 1978ರ ಫೆಬ್ರುವರಿ 18ರಂದು ಹೊರಟವರು 15 ಮಂದಿ, ಮುಗಿಸಿದವರು 12. ಗೋವೆಯದಕ್ಕಿಂತ ಇಮ್ಮಡಿ ದೂರದ ಆ ಪಂದ್ಯವನ್ನು ಗೆದ್ದ ಗಾರ್ಡನ್ ಹ್ಯಾಲರನಿಗೆ ಹನ್ನೆರಡು ಗಂಟೆಗೆ ತುಸು ಕಡಿಮೆ ಹಿಡಿಯಿತು. ಇಂದು ಅದೇ ಹೆಸರು ವಿದೇಶೀಯ ಖಾಸಗಿ ಕಂಪನಿಯೊಂದರ ಸ್ವತ್ತಾಗಿ, ಊರೂರಿಗೆ ಮಾರಲ್ಪಡುತ್ತಿದೆ. ಗೋವೆಯ ಪ್ರವೇಶಶುಲ್ಕಕ್ಕೆ ನಮ್ಮ ರೈತನು ಒಂದು ಕ್ವಿಂಟಲ್ ತೊಗರಿ ಮಾರಿದ ಹಣವು ಸಾಲದು. ಸೈಕಲ್ಲಿನ ಬೆಲೆಯನ್ನಂತೂ ಕೇಳತಕ್ಕದ್ದೇ ಅಲ್ಲ.

ಆದರೂ ಹಣವೇ ಮುಖ್ಯ ಅಡ್ಡಿಯೆಂದು ನಾವು ಎಣಿಸುವದಿಲ್ಲ. ಓಟಕ್ಕೆ ನಮ್ಮ ನಾಡು ಬಡವಲ್ಲ. 1920ರ ಆಂಟ್‌ವರ್ಪ್ ಒಲಿಂಪಿಕ್ ಕೂಟದಲ್ಲಿ, ಪರದಾಸ್ಯದ ಆ ದಿನಗಳಲ್ಲಿ, ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯವರು ಮ್ಯಾರಥಾನ್ ಓಡಿ 19ನೆಯವರಾಗಿ ಗುರಿ ಮುಟ್ಟಿದರು. ಸೈಕಲ್ಲಿನ ವಿಷಯದಲ್ಲಿ ನೆರೆಯ ವಿಜಯಪುರ ಬಾಗಲಕೋಟೆ ಜಿಲ್ಲೆಗಳ ಹಳ್ಳಿಯ ಹುಡುಗ ಹುಡುಗಿಯರು ರಾಷ್ಟ್ರೀಯ ಪಂದ್ಯಗಳಿಂದ ಪದಕಗಳನ್ನು ಹೊತ್ತು ತಂದಿರುವರು. ಎರೆಭೂಮಿ, ಬಿಸಿಲು, ಎದುರುಗಾಳಿ ಇವೇ ಅವರ ಗುರುಗಳು. ನರೋಣೆಯಿಂದ ಕಲಬುರಗಿಗೆ ನಿತ್ಯ ಸೈಕಲ್ ತುಳಿಯಬಲ್ಲವನಿಗೆ 90 ಕಿಲೋಮೀಟರು ಆರು ತಿಂಗಳಲ್ಲಿ ಕೈಗೆ ಬರುವ ಮಾತು. ಸೈಕಲ್ಲಿನಿಂದ ಇಳಿದೊಡನೆ ಕಾಲುಗಳು ಕಟ್ಟಿಗೆಯಂತಾಗುವವು; ಅದಕ್ಕೆ ವಾರಕ್ಕೊಮ್ಮೆ ಸವಾರಿಯ ಬೆನ್ನಿಗೇ ಎರಡು ಮೂರು ಮೈಲು ಓಡಿ ರೂಢಿಸಿಕೊಂಡರೆ ಸಾಕು.

ತೊಡಕಿರುವದು ನೀರಿನಲ್ಲಿ.

ನಾವು ಸಣ್ಣವರಿದ್ದಾಗ ಊರ ಹೊರಗಿನ ತೋಟದ ಬಾವಿಯೇ ಈಜಿನ ಪಾಠಶಾಲೆ. ಬೆನ್ನಿಗೆ ಬೆಂಡು ಕಟ್ಟಿ ದೊಡ್ಡವರು ಮೇಲಿನಿಂದ ನೂಕುತ್ತಿದ್ದರು. ಮೂರು ದಿನ ನೀರು ಕುಡಿದು ನಾಲ್ಕನೆಯ ದಿನ ತೇಲುತ್ತಿದ್ದೆವು. ಹೆಣ್ಣುಮಕ್ಕಳಿಗೆ ಆ ಪಾಠಶಾಲೆಯ ಬಾಗಿಲು ಮುಚ್ಚಿಯೇ ಇತ್ತೆಂಬದನ್ನೂ ಒಪ್ಪಿಕೊಳ್ಳಬೇಕು. ಆಮೇಲೆ ಕೊಳವೆ ಬಾವಿಗಳು ಬಂದವು, ಅಂತರ್ಜಲವು ಪಾತಾಳಕ್ಕಿಳಿಯಿತು, ತೆರೆದ ಬಾವಿಗಳು ಬತ್ತಿ ಕಸದ ಗುಂಡಿಗಳಾದವು. ಅರ್ಧ ಅಡಿ ಅಗಲದ ಕೊಳವೆಯಲ್ಲಿ ಯಾರೂ ಈಜು ಕಲಿಯಲಾರರು. ಒಂದು ತಲೆಮಾರಿನೊಳಗೆ ನಮ್ಮ ಸೀಮೆಯ ಮಕ್ಕಳು ಈಜನ್ನು ಮರೆತರೆಂಬದನ್ನು ಯಾವ ವರದಿಯೂ ಬರೆದಿಡಲಿಲ್ಲ. ಇತ್ತ ಒಲಿಂಪಿಕ್ ಈಜಿಗೆ ಕರ್ನಾಟಕದಿಂದ ಹೋದವರನ್ನು ನೋಡಿರಿ: 2000ದಲ್ಲಿ ನಿಶಾ ಮಿಲೆಟ್, 2004ರಲ್ಲಿ ಶಿಖಾ ಟಂಡನ್, ಟೋಕಿಯೋ ಮತ್ತು ಪ್ಯಾರಿಸ್ ಕೂಟಗಳಿಗೆ ಶ್ರೀಹರಿ ನಟರಾಜ್, 2024ರಲ್ಲಿ ಹದಿನಾಲ್ಕರ ಬಾಲೆ ಧಿನಿಧಿ ದೇಸಿಂಗು. ಎಲ್ಲರೂ ಬೆಂಗಳೂರಿನ ಕೊಳಗಳಲ್ಲಿ ತಯಾರಾದವರು. ಅವರ ಪರಿಶ್ರಮಕ್ಕೆ ನಮ್ಮ ಗೌರವವಿದೆ. ಆದರೆ ರಾಜ್ಯದ ನೀರೆಲ್ಲ ಒಂದೇ ಊರಿನ ಕೊಳಗಳಲ್ಲಿದೆಯೋ ಎಂಬ ಸಂಶಯ ಬಂದರೆ ತಪ್ಪೇನು?

ಬಾವಿಯ ಈಜು ಬಲ್ಲವನಿಗೂ ಈ ಪಂದ್ಯವು ಸುಲಭವಲ್ಲ. ಬಾವಿಯಲ್ಲಿ ಹತ್ತು ಕೈ ಹಾಕುವಷ್ಟರಲ್ಲಿ ಗೋಡೆ ಸಿಕ್ಕುವದು. ತೆರೆದ ನೀರಿನಲ್ಲಿ ಸುಮಾರು ಎರಡು ಕಿಲೋಮೀಟರು ಹೋಗುವಾಗ ಹಿಡಿಯಲು ಗೋಡೆಯಿಲ್ಲ, ಕಾಲಿಗೆ ನೆಲವಿಲ್ಲ, ಸುತ್ತಲೂ ನೂರಾರು ಜನರ ಕೈಕಾಲುಗಳ ಬಡಿತ. ಸಮುದ್ರವಾದರೆ ಅಲೆ ಬೇರೆ. ಅಲ್ಲಿ ಉಸಿರು ಕೆಟ್ಟರೆ ಎದೆಯೇ ಕೆಡುವದು. ಅಮೆರಿಕದ ಟ್ರಯಥ್ಲಾನ್‌ಗಳಲ್ಲಿ 1985ರಿಂದ 2016ರ ವರೆಗೆ ಸಂಭವಿಸಿದ ಮರಣ ಹಾಗೂ ಹೃದಯಸ್ತಂಭನದ 135 ಪ್ರಕರಣಗಳನ್ನು ವೈದ್ಯರು ಪರಿಶೀಲಿಸಿದಾಗ 90 ಪ್ರಕರಣಗಳು ಈಜಿನ ಭಾಗದಲ್ಲಿಯೇ ಆದವೆಂದು ಕಂಡುಬಂದಿತು. ಹಿಂದಿನ ಅನುಭವದ ಮಾಹಿತಿ ದೊರೆತವರ ಪೈಕಿ ಹತ್ತರಲ್ಲಿ ಸುಮಾರು ನಾಲ್ವರು ಮೊದಲ ಸಲ ನಿಂತವರು. ಪಾಲ್ಗೊಂಡವರ ಒಟ್ಟು ಸಂಖ್ಯೆಗೆ ಹೋಲಿಸಿದರೆ ಇದು ಲಕ್ಷಕ್ಕೆ ಇಬ್ಬರೂ ಅಲ್ಲ; ಹೆದರಿ ಹಿಂದೆಗೆಯತಕ್ಕ ಅಂಕಿಯಲ್ಲ. ಆದರೆ ಎದೆಯ ತಪಾಸಣೆಯನ್ನೂ ತೆರೆದ ನೀರಿನ ಅಭ್ಯಾಸವನ್ನೂ ಬಿಟ್ಟು ಕೇವಲ ಹುಮ್ಮಸ್ಸಿನ ಮೇಲೆ ಸಮುದ್ರಕ್ಕೆ ಇಳಿಯಬಾರದೆಂದು ತಿಳಿಸಲು ಸಾಕು. ನೀರು ಕುಡಿಯುವದರಲ್ಲಿಯೂ ಎಚ್ಚರ ಬೇಕು. ಗಂಟೆಗಟ್ಟಲೆ ಬೆವರಿ ಬರಿಯ ನೀರನ್ನೇ ಹೊಟ್ಟೆ ತುಂಬ ಕುಡಿದರೆ ರಕ್ತದ ಉಪ್ಪು ತೆಳುವಾಗಿ ಪ್ರಾಣಕ್ಕೆ ಬರುವದು. ಹೊಲಕ್ಕೆ ಉಪ್ಪು ಬೆರೆಸಿದ ಮಜ್ಜಿಗೆ ಒಯ್ಯುವ ನಮ್ಮ ತಾಯಂದಿರು ಇದನ್ನು ಯಾವ ವೈದ್ಯರನ್ನೂ ಕೇಳದೆ ಬಲ್ಲವರಾಗಿದ್ದರು.

ಕುಡಿಯುವ ನೀರಿಗೇ ಪರದಾಡುವ ಸೀಮೆಗೆ ಈಜುಕೊಳದ ಶೋಕಿ ಏಕೆ ಎಂದು ಕೆಲವರು ಕೇಳಬಹುದು. ಪ್ರಶ್ನೆಯು ನ್ಯಾಯವಾದದ್ದು, ನಾವೂ ಕೆಲಕಾಲ ಹಾಗೆಯೇ ಯೋಚಿಸಿದ್ದೆವು. ಆದರೆ 2014ರಿಂದೀಚೆಗೆ ಕೃಷಿಭಾಗ್ಯ ಯೋಜನೆಯಲ್ಲಿ ಒಣ ಸೀಮೆಯ ಹೊಲಗಳಲ್ಲಿ ಕೃಷಿಹೊಂಡಗಳನ್ನು ತೋಡಿ ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿರುವರು. ಆ ಹಾಳೆಯ ಮೇಲೆ ಕಾಲು ಜಾರಿದ ಮಗುವಿಗೆ ಹಿಡಿದು ಮೇಲೇರಲು ಒಂದು ಕಲ್ಲೂ ಇಲ್ಲ. ಇಂಥ ಹೊಂಡಗಳಲ್ಲಿ ಮಕ್ಕಳು ಮುಳುಗಿದ ವಾರ್ತೆಯನ್ನು ಅಚ್ಚು ಮಾಡುವಾಗಲೆಲ್ಲ ನಮ್ಮ ಕೈ ನಡುಗಿದೆ. 2021ರೊಂದರಲ್ಲಿಯೇ ಜಗತ್ತಿನಲ್ಲಿ ಸುಮಾರು ಮೂರು ಲಕ್ಷ ಜನರು ನೀರಿನಲ್ಲಿ ಮುಳುಗಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯು ಲೆಕ್ಕ ಹಾಕಿರುವದು. ಹೀಗಿರುವಲ್ಲಿ ಈಜು ಶೋಕಿಯ ಮಾತಲ್ಲ. ಪಂದ್ಯಕ್ಕೆ ನಿಲ್ಲುವವನು ಸಾವಿರಕ್ಕೊಬ್ಬನಾಗಲಿ. ಮಿಕ್ಕ ಒಂಬೈನೂರ ತೊಂಬತ್ತೊಂಬತ್ತು ಮಂದಿಯೂ ದಡ ಸೇರಲು ಕಲಿತಿರಬೇಕು.

ಇದಕ್ಕೆ ಹೊಸ ಸಮುದ್ರವನ್ನು ತರಬೇಕಾಗಿಲ್ಲ. ನರೋಣಾ ಇರುವ ಆಳಂದ ತಾಲೂಕಿನಲ್ಲಿಯೇ ಕೊರಳ್ಳಿಯ ಬಳಿ ಅಮರ್ಜಾ ನದಿಗೆ ಕಟ್ಟಿದ ಜಲಾಶಯವಿದೆ. ಕೊಲ್ಲಾಪುರದವರು ಕಡಲಿಲ್ಲವೆಂದು ಕೈಕಟ್ಟಿ ಕೂಡ್ರದೆ ತಮ್ಮ ರಾಜಾರಾಮ ತಲಾವಿನಲ್ಲಿ ಈಜಿಸಿ ಇದೇ 113 ಕಿಲೋಮೀಟರಿನ ಪಂದ್ಯವನ್ನು ನಡೆಸಿರುವರು. ಅಮರ್ಜಾ ದಡದಲ್ಲಿ ಒಂದು ಭಾಗವನ್ನು ಗುರುತಿಸಿ, ತೇಲುಗುಂಡುಗಳ ಹಗ್ಗ ಕಟ್ಟಿ, ಒಂದು ದೋಣಿ, ಇಬ್ಬರು ಜೀವರಕ್ಷಕರು, ಒಬ್ಬ ಶಿಕ್ಷಕನು, ಹೆಣ್ಣುಮಕ್ಕಳಿಗೆ ಪ್ರತ್ಯೇಕ ವೇಳೆ, ಇಷ್ಟನ್ನು ಏರ್ಪಡಿಸುವದು ಅಸಾಧ್ಯವೇ? ನೀರಾವರಿ ಇಲಾಖೆಯವರು ಅಪಾಯವೆನ್ನುವರು, ಕ್ರೀಡಾ ಇಲಾಖೆಯವರು ಜಾಗವು ತಮ್ಮದಲ್ಲವೆನ್ನುವರು, ಕಾಗದವು ಎರಡು ಮೇಜುಗಳ ನಡುವೆ ಓಡಾಡುವದು; ಅದರ ಓಟಕ್ಕೆ ಎಂಟೂವರೆ ಗಂಟೆಯ ಗಡುವು ಇಲ್ಲವಷ್ಟೇ. ಈ ಭಾಗದ ಅಭಿವೃದ್ಧಿ ಮಂಡಳಿಗೆ 2023-24ರ ಮುಂಗಡಪತ್ರದಲ್ಲಿ 5,000 ಕೋಟಿ ರೂಪಾಯಿಗಳನ್ನು ಘೋಷಿಸಲಾಗಿತ್ತು. ಅಂಥ ಮೊತ್ತದ ಎದುರಿಗೆ ಒಂದು ದೋಣಿಯ ಬೆಲೆಯನ್ನು ಹೇಳಲು ನಮಗೇ ಸಂಕೋಚವಾಗುವದು.

ಮೊದಲಿಗೆ ನೂರಹದಿಮೂರರ ಮಾತು ಬೇಡ. 750 ಮೀಟರು ಈಜು, 20 ಕಿಲೋಮೀಟರು ಸೈಕಲ್, 5 ಕಿಲೋಮೀಟರು ಓಟದ ಚಿಕ್ಕ ಪಂದ್ಯವು ಎಲ್ಲ ದೇಶಗಳಲ್ಲಿಯೂ ರೂಢಿಯಲ್ಲಿದೆ. ಮಳೆಗಾಲ ಮುಗಿದು ಜಲಾಶಯದಲ್ಲಿ ನೀರು ನಿಂತಿರುವ, ಬಿಸಿಲು ಇನ್ನೂ ಏರದಿರುವ ಡಿಸೆಂಬರ್ ಅದಕ್ಕೆ ತಕ್ಕ ಕಾಲ. ಜಿಲ್ಲಾಧಿಕಾರಿಗಳು ಎರಡೂ ಇಲಾಖೆಯವರನ್ನು ಒಂದೇ ಕೋಣೆಯಲ್ಲಿ ಕೂಡ್ರಿಸಿ ದಿನಾಂಕವನ್ನು ಗೊತ್ತುಪಡಿಸಿದರೆ ಅದನ್ನು ಪ್ರಕಟಿಸಲು ಈ ಪತ್ರಿಕೆಯ ಮೊದಲ ಪುಟವು ಸಿದ್ಧವಾಗಿದೆ.