ಹೇಸರಗತ್ತೆಗೊಂದು ಕಾಯಿಲೆ ರಜೆ

2025ರ ಮೇ 2ರಂದು ಕೇದಾರನಾಥ ದೇಗುಲದ ಬಾಗಿಲು ತೆರೆಯಿತು. ವಾರ ತುಂಬುವ ಮೊದಲೇ, ಎರಡು ದಿನಗಳ ಅಂತರದಲ್ಲಿ, ಯಾತ್ರೆಯ ಹಾದಿಯಲ್ಲಿ 14 ಕುದುರೆ, ಹೇಸರಗತ್ತೆಗಳು ಸತ್ತವು. ಉತ್ತರಾಖಂಡ ಸರ್ಕಾರ ಅವುಗಳ ಸಂಚಾರ ನಿಲ್ಲಿಸಿತು. ಮೊದಲು ಘೋಷಣೆಯಾದ ನಿಷೇಧದ ಅವಧಿ 24 ಗಂಟೆ.

ಒಂದೇ ದಿನ! ನೆಗಡಿ ಬಂದ ಗುಮಾಸ್ತನೂ ಇದಕ್ಕಿಂತ ಹೆಚ್ಚು ರಜೆ ಹಾಕುತ್ತಾನೆ.

ರೋಗ ಹೇಳದೆ ಕೇಳದೆ ಬಂದದ್ದೇನಲ್ಲ. ಮಾರ್ಚ್ ಕೊನೆಯ ಹೊತ್ತಿಗೇ ರುದ್ರಪ್ರಯಾಗ ಜಿಲ್ಲೆಯಲ್ಲಿ ಕುದುರೆ ಇನ್‌ಫ್ಲುಯೆನ್ಸಾ ಪತ್ತೆಯಾಗಿತ್ತು. ಏಪ್ರಿಲ್‌ನಲ್ಲಿ ಸುಮಾರು 16,000 ಪ್ರಾಣಿಗಳ ತಪಾಸಣೆ ನಡೆಯಿತು. 152 ಪ್ರಾಣಿಗಳ ರಕ್ತದಲ್ಲಿ ಸೋಂಕಿನ ಗುರುತು ಸಿಕ್ಕಿತಾದರೂ ಮುಂದಿನ ಆರ್‌ಟಿ–ಪಿಸಿಆರ್ ಪರೀಕ್ಷೆಯಲ್ಲಿ ವೈರಸ್ ಕಾಣಲಿಲ್ಲ. ಯಾತ್ರೆ ಹೊರಟಿತು. ಸಾವುಗಳಾದ ಮೇಲೆ ಅಧಿಕಾರಿಗಳಿಂದ ಬಂದ ಸಮಜಾಯಿಷಿ ಇಷ್ಟು: ಇನ್‌ಫ್ಲುಯೆನ್ಸಾದಿಂದ ಕುದುರೆ ಸಾಯುವುದಿಲ್ಲ, ಬ್ಯಾಕ್ಟೀರಿಯಾ ಸೋಂಕು ತಗುಲಿರಬಹುದು.

ಇದು ಅರ್ಧ ನಿಜ. ಉಳಿದರ್ಧ ಕುದುರೆಯ ಗಂಟಲೊಳಗಿದೆ.

ಎಚ್3ಎನ್8 ಎಂಬ ಈ ವೈರಸ್ ಲಗ್ಗೆ ಹಾಕುವುದು ಶ್ವಾಸನಾಳದ ಒಳಗೋಡೆಗೆ. ಅಲ್ಲಿ ಗರಿಕೆಯಂತೆ ಒತ್ತೊತ್ತಾಗಿ ನಿಂತ ಅತಿಸಣ್ಣ ರೋಮಗಳು ಸದಾ ಅಲುಗುತ್ತ ದೂಳು, ಲೋಳೆ, ಬ್ಯಾಕ್ಟೀರಿಯಾಗಳನ್ನು ಮೇಲಕ್ಕೆ ಗುಡಿಸುತ್ತಿರುತ್ತವೆ. ಆ ರೋಮಗಳನ್ನು ಹೊತ್ತ ಜೀವಕೋಶಗಳನ್ನೇ ವೈರಸ್ ಕೊಲ್ಲುತ್ತದೆ. ಸೋಂಕು ತಗುಲಿದ ಒಂದರಿಂದ ಮೂರು ದಿನಗಳಲ್ಲಿ ಜ್ವರ ಶುರು. ಅದು 41 ಡಿಗ್ರಿ ಸೆಲ್ಸಿಯಸ್‌ವರೆಗೂ ಏರಬಹುದು. ಪ್ರಾಣಿ ಕತ್ತು ಇಳಿಬಿಟ್ಟು, ಪಕ್ಕೆಲುಬು ಅದುರುವಂತೆ ಒಣಗೆಮ್ಮು ಕೆಮ್ಮುತ್ತದೆ. ಹೊಳ್ಳೆಗಳಿಂದ ಮೊದಲು ನೀರು ಸೋರುತ್ತದೆ, ಆಮೇಲೆ ಗಟ್ಟಿ ಸಿಂಬಳ. ಒಂದೊಂದು ಕೆಮ್ಮೂ ಪಕ್ಕದಲ್ಲಿ ಕಟ್ಟಿದ ಪ್ರಾಣಿಗೆ ರೋಗ ದಾಟಿಸುತ್ತದೆ.

ಜ್ವರ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಶ್ವಾಸನಾಳದ ಗೋಡೆ ಮತ್ತೆ ಚಿಗುರಲು ಮಾತ್ರ ಕನಿಷ್ಠ ಮೂರು ವಾರ ಬೇಕು. ಅಷ್ಟೂ ದಿನ ಗುಡಿಸುವವರಿಲ್ಲದ ಆ ದಾರಿಯಲ್ಲಿ ಬ್ಯಾಕ್ಟೀರಿಯಾಗಳು ಸಲೀಸಾಗಿ ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ತರುತ್ತವೆ. ಹೀಗಿರುವಾಗ ಕೊಂದದ್ದು ಬ್ಯಾಕ್ಟೀರಿಯಾ ಎಂದು ಇನ್‌ಫ್ಲುಯೆನ್ಸಾವನ್ನು ಪಕ್ಕಕ್ಕಿಡುವುದು, ಕಳ್ಳನನ್ನು ಹಿಡಿದು ಬೀಗ ಒಡೆದವನನ್ನು ಮನೆಗೆ ಕಳಿಸಿದಂತೆ. ಲಸಿಕೆ ಹಾಕಿಸದ ಪ್ರಾಣಿಯ ರಕ್ತದಲ್ಲಿ ಪ್ರತಿಕಾಯ ಸಿಕ್ಕಿತೆಂದರೆ ವೈರಸ್ ಬಂದು ಹೋಗಿದೆ ಎಂದರ್ಥ. ಅದು ಹೋಗುವಾಗ ಗಂಟಲನ್ನು ಯಾವ ಸ್ಥಿತಿಯಲ್ಲಿ ಬಿಟ್ಟಿದೆ ಎಂಬುದನ್ನು ಪಿಸಿಆರ್ ಹೇಳುವುದಿಲ್ಲ.

ಪಶುವೈದ್ಯರು ಒಂದು ಸರಳ ಲೆಕ್ಕ ಇಟ್ಟುಕೊಂಡಿದ್ದಾರೆ: ಜ್ವರವಿದ್ದ ಪ್ರತಿ ದಿನಕ್ಕೂ ಒಂದು ವಾರದ ವಿಶ್ರಾಂತಿ. ಇತ್ತ ಗೌರಿಕುಂಡದಿಂದ ಕೇದಾರಕ್ಕೆ ಸುಮಾರು 16 ಕಿಲೋಮೀಟರ್ ಏರು. ದೇಗುಲ ಇರುವುದು 3,500 ಮೀಟರಿಗೂ ಮಿಕ್ಕ ಎತ್ತರದಲ್ಲಿ. ಕುದುರೆಗಾಗಲಿ ಹೇಸರಗತ್ತೆಗಾಗಲಿ ನಮ್ಮಂತೆ ಬಾಯಿಂದ ಉಸಿರೆಳೆಯಲು ಬರುವುದಿಲ್ಲ. ಅವಕ್ಕಿರುವುದು ಎರಡು ಹೊಳ್ಳೆ ಮಾತ್ರ. ಬೆನ್ನ ಮೇಲೆ ಒಬ್ಬ ಯಾತ್ರಿಕ, ಕೆಳಗೆ ಜಾರುವ ಕಲ್ಲು, ತೆಳುವಾದ ಗಾಳಿ, ಒಳಗೆ ಸುಲಿದ ಶ್ವಾಸನಾಳ.

ಇಂಥ ಸಾವುಗಳಾದಾಗಲೆಲ್ಲ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ರೂಢಿ. 2023ರ ಜೂನ್‌ನಲ್ಲಿ ಇದೇ ಹಾದಿಯಲ್ಲಿ ಕುದುರೆಯೊಂದರ ಮೂಗಿಗೆ ಬಲವಂತವಾಗಿ ಹೊಗೆ ತುಂಬುತ್ತಿದ್ದ ವಿಡಿಯೊ ಹರಿದಾಡಿತು. ದೇಶವೇ ಕೆರಳಿತು, ಪೊಲೀಸ್ ಪ್ರಕರಣವೂ ದಾಖಲಾಯಿತು. ಆದದ್ದು ಸರಿಯೇ. ಆದರೆ ಕುದುರೆಯವರೆಲ್ಲ ಕ್ರೂರಿಗಳು, ಪ್ರಾಣಿಗಳನ್ನೇ ಹಾದಿಯಿಂದ ತೆಗೆದುಹಾಕಿ ಎನ್ನುವವರು ಒಂದು ಲೆಕ್ಕ ಮರೆಯುತ್ತಾರೆ. ಯಾತ್ರೆ ನಡೆಯುವುದು ವರ್ಷದಲ್ಲಿ ಆರು ತಿಂಗಳು. ಆ ದುಡಿಮೆಯಲ್ಲೇ ಮನೆ ನಡೆಯಬೇಕು, ಪ್ರಾಣಿ ಕೊಳ್ಳಲು ಮಾಡಿದ ಸಾಲವೂ ತೀರಬೇಕು. ಕೆಮ್ಮು ಕಂಡಿದೆ ಎಂದು ತೋರಿಸಿದರೆ ಮೂರು ವಾರ ಕೂಲಿ ಖೋತಾ, ಜೊತೆಗೆ ಮೇವಿನ ಖರ್ಚು. ಹಾಗಿರುವಾಗ ಕೆಮ್ಮನ್ನು ಮುಚ್ಚಿಡದವನೇ ಪೆದ್ದ. ಗ್ಲ್ಯಾಂಡರ್ಸ್ ಎಂಬ ರೋಗ ತಗುಲಿದ ಕುದುರೆಯನ್ನು ಕೊಲ್ಲಬೇಕಾಗಿ ಬಂದರೆ ಮಾಲೀಕನಿಗೆ ಸರ್ಕಾರಿ ಪರಿಹಾರವಿದೆ. ಪ್ರಾಣಿ ಸತ್ತರೆ ವಿಮೆ ಕೈಹಿಡಿಯುತ್ತದೆ. ಮಲಗಿಸಿ ಉಳಿಸಿಕೊಳ್ಳುವವನ ಕೈಗೂ ಕಾಸು ಸಿಗಬೇಕು. ಇಡೀ ಜಗಳದಲ್ಲಿ ಯಾರೂ ಗಟ್ಟಿಯಾಗಿ ಕೇಳದ ಬೇಡಿಕೆ ಇದೇ.

ಆಸ್ಟ್ರೇಲಿಯಾ ಇದನ್ನು ಮಾಡಿ ತೋರಿಸಿದೆ. 2007ರ ಆಗಸ್ಟ್‌ನಲ್ಲಿ ಅಲ್ಲಿ ಇದೇ ರೋಗ ನುಗ್ಗಿದಾಗ ದೇಶದಾದ್ಯಂತ ಕುದುರೆಗಳ ಓಡಾಟ ನಿಂತಿತು, ರೇಸುಗಳು ರದ್ದಾದವು. ನ್ಯೂ ಸೌತ್ ವೇಲ್ಸ್, ಕ್ವೀನ್ಸ್‌ಲ್ಯಾಂಡ್‌ಗಳಲ್ಲಿ ನಿರ್ಬಂಧ ತಿಂಗಳುಗಟ್ಟಲೆ ಎಳೆಯಿತು. ಕುದುರೆಗಳನ್ನೇ ನಂಬಿ ಬದುಕುವವರಿಗೆ ಸರ್ಕಾರ ನೆರವು ಕೊಟ್ಟಿತು. ವರ್ಷದ ಕೊನೆಗೆ ರೋಗದ ಹರಡುವಿಕೆ ನಿಂತುಹೋಯಿತು. ಅದು ಶ್ರೀಮಂತ ದೇಶ, ನಮ್ಮ ಕೈಲಾಗದು ಎನ್ನುವವರು ಲೆಕ್ಕ ಹಾಕಲಿ. 2024ರಲ್ಲಿ ಕೇದಾರಕ್ಕೆ ಹೋದವರು ಸುಮಾರು 16.5 ಲಕ್ಷ ಮಂದಿ. ತಲೆಗೆ 20 ರೂಪಾಯಿ ಎಂದರೂ 3.3 ಕೋಟಿ.

ಇದು ಹಿಮಾಲಯದ ತಾಪತ್ರಯ, ನಮಗೇನು ಎಂದು ಕರ್ನಾಟಕದವರು ಸುಮ್ಮನಿರುವಂತಿಲ್ಲ. ಕೇದಾರದ ಮುಖ್ಯ ಅರ್ಚಕರಾದ ರಾವಲರು ಇಲ್ಲಿನ ವೀರಶೈವ ಪರಂಪರೆಯವರು ಎಂಬುದು ಒಂದು ನಂಟು. ಇನ್ನೊಂದು ನಂಟು ವೈರಸ್ಸಿನದು. 2008ರಲ್ಲಿ ವೈಷ್ಣೋದೇವಿ ಯಾತ್ರೆ ಹೊರಡುವ ಕಟ್ರಾದಲ್ಲಿ ಕಾಣಿಸಿಕೊಂಡ ಎಚ್3ಎನ್8 ರಾಜ್ಯದಿಂದ ರಾಜ್ಯಕ್ಕೆ ಹಬ್ಬುತ್ತ ಮೈಸೂರಿನ ಕುದುರೆಗಳನ್ನೂ ಮುಟ್ಟಿತು. ವಿಜ್ಞಾನಿಗಳ ಕಡತದಲ್ಲಿ ‘ಜಮ್ಮು–ಕಟ್ರಾ/6/08’ ಮತ್ತು ‘ಮೈಸೂರು/12/08’ ಎಂಬ ವೈರಸ್ ಮಾದರಿಗಳು ಅಕ್ಕಪಕ್ಕದಲ್ಲಿವೆ. ಅಂತರರಾಷ್ಟ್ರೀಯ ಕುದುರೆ ಸವಾರಿ ಸ್ಪರ್ಧೆಗಳಿಗೆ ಬರುವ ಪ್ರತಿ ಕುದುರೆಗೂ ಹಿಂದಿನ ಆರು ತಿಂಗಳು ಮತ್ತು 21 ದಿನಗಳೊಳಗೆ ಲಸಿಕೆ ಆಗಿರಲೇಬೇಕು. ಹಿಸಾರ್‌ನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ ನಮ್ಮ ನೆಲದ ವೈರಸ್‌ನಿಂದಲೇ ಲಸಿಕೆ ರೂಪಿಸಿದೆ. ಹೊರೆ ಹೊರುವ ಪ್ರಾಣಿಗೂ ಅದನ್ನು ಕಡ್ಡಾಯ ಮಾಡಲು ಅಡ್ಡಿಯೇನು?

ನೇಪಾಳದ ಗಡಿಯ ಕುದುರೆಗಾಡಿಗಳ ಪ್ರಕರಣವೊಂದರಲ್ಲಿ 2018ರಲ್ಲಿ ಉತ್ತರಾಖಂಡ ಹೈಕೋರ್ಟ್, ಪ್ರಾಣಿಗಳಿಗೂ ಕಾನೂನಿನ ಕಣ್ಣಲ್ಲಿ ವ್ಯಕ್ತಿತ್ವವಿದೆ ಎಂದು ಸಾರಿತ್ತು. ವ್ಯಕ್ತಿ ಎಂದ ಮೇಲೆ ಕಾಯಿಲೆ ರಜೆಯೂ ಇರಬೇಕು, ಅದೂ ಸಂಬಳ ಸಹಿತ. ಮುಂದಿನ ಯಾತ್ರೆಯ ನೋಂದಣಿ ಚೀಟಿಯಲ್ಲಿ ಮೂರು ಅಂಕಣಗಳಿರಲಿ: ಲಸಿಕೆ ಹಾಕಿಸಿದ ದಿನ, ಕೊನೆಯ ಸಲ ಜ್ವರ ಬಂದ ದಿನ, ವಿಶ್ರಾಂತಿಗೆ ಸಂದಾಯವಾದ ಹಣ. ಗೌರಿಕುಂಡದಲ್ಲಿ ಸವಾರಿಗೆ ದರ ಕೇಳುವ ಯಾತ್ರಿಕರು ಆ ಚೀಟಿಯನ್ನೂ ಕೇಳಿ ನೋಡಲಿ.