ಎರಡನೇ ಬಾಗಿಲು ಇದ್ರೇನೇ ಮಾರ್ಕೆಟ್ಟು

ಸೀಸನ್ ಶುರುವಾಯ್ತು ಅಂದ್ರೆ ಗುತ್ತಲು ರೋಡಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಹಾಕಿಕೊಂಡು ಫಸ್ಟ್ ಅವರ್ ತಪ್ಪಿಸಿಕೊಂಡವರು ನಮ್ಮಲ್ಲಿ ಬಹಳ ಮಂದಿ. ಹಾರ್ನ್ ಹೊಡೆಯೋದು ಬಿಟ್ಟು ಒಂದು ಪ್ರಶ್ನೆ ಕೇಳಿಕೊಳ್ಳೋಣ: ಆ ಲೋಡಿಗೆ ಬೆಲೆ ಕಟ್ಟೋರು ಯಾರು?

ಮೊನಾಪಲಿ ಅಂದ ತಕ್ಷಣ ನಮಗೆ ಗೂಗಲ್ ನೆನಪಾಗುತ್ತೆ. ಆಂಡ್ರಾಯ್ಡ್ ವಿಚಾರದಲ್ಲಿ ಭಾರತೀಯ ಸ್ಪರ್ಧಾ ಆಯೋಗ 2022ರಲ್ಲಿ ಅದಕ್ಕೆ 1,337 ಕೋಟಿ ರೂಪಾಯಿ ದಂಡ ಹಾಕಿತ್ತು. ಆದರೆ ಮಾರೋನು ಒಬ್ಬನೇ ಇದ್ರೆ ಮಾತ್ರ ಏಕಸ್ವಾಮ್ಯ ಅಲ್ಲ, ಕೊಳ್ಳೋನು ಒಬ್ಬನೇ ಆದ್ರೂ ಅದೇ ಕಥೆ.

1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಇಂತಿಂಥ ಪ್ರದೇಶದ ಕಬ್ಬು ಇಂಥದ್ದೇ ಕಾರ್ಖಾನೆಗೆ ಅಂತ ಮೀಸಲಿಡಬಹುದು. ಇದಕ್ಕೆ ಕಾರಣವೂ ಇದೆ: ಕೋಟಿಗಟ್ಟಲೆ ಸುರಿದು ಕಟ್ಟಿದ ಮಿಲ್ಲು ಕಬ್ಬಿಲ್ಲದೆ ಓಡಲ್ಲ. ರೈತರ ರಕ್ಷಣೆಗೂ ಅದರಲ್ಲಿ ನಿಯಮಗಳಿವೆ. ಕಬ್ಬು ಕೊಟ್ಟ 14 ದಿನದೊಳಗೆ ದುಡ್ಡು ಕೊಡಬೇಕು, ತಪ್ಪಿದರೆ ವರ್ಷಕ್ಕೆ ಶೇ. 15 ಬಡ್ಡಿ.

ಆದರೆ ಕಡಿದ ಕಬ್ಬು ಕಾಯಲ್ಲ. ದಿನ ಕಳೆದಂತೆ ತೂಕವೂ ಇಳಿಯುತ್ತೆ, ಸಕ್ಕರೆಯೂ ಇಳಿಯುತ್ತೆ. ಬಡ್ಡಿಗಾಗಿ ಜಗಳಕ್ಕೆ ನಿಂತರೆ ಮುಂದಿನ ವರ್ಷ ಕಟಾವಿಗೆ ಕಾಯಬೇಕಾದದ್ದು ಅದೇ ಗೇಟಿನ ಮುಂದೆ. ಹೀಗಿರುವಾಗ ಎಷ್ಟು ಜನ ಬಾಯಿ ಬಿಟ್ಟಾರು?

ಮಂಡ್ಯದ ರೈತನಿಗೆ ಅಷ್ಟಿಷ್ಟು ಧೈರ್ಯ ಕೊಡೋದು ಆಲೆಮನೆ. ಅಲ್ಲಿನವರೇನೂ ದೇವರಲ್ಲ, ಬೆಲ್ಲದ ರೇಟು ಬಿದ್ದರೆ ಕಬ್ಬಿನ ರೇಟೂ ಬೀಳುತ್ತೆ. ಆದರೂ 'ನೀವು ಬೇಡ ಅಂದ್ರೆ ಅಲ್ಲಿ ಹಾಕ್ತೀನಿ ಬಿಡಿ' ಅನ್ನೋ ಒಂದು ಮಾತು ಅವನ ಕೈಲಿರುತ್ತೆ. 1933ರಲ್ಲಿ ಶುರುವಾದ ಮೈಷುಗರ್ ಕೆಲವು ವರ್ಷ ನಿಂತುಹೋಗಿ 2022ರಲ್ಲಿ ಮತ್ತೆ ಕಬ್ಬು ಅರೆಯತೊಡಗಿತು. ಒಂದೇ ಗೇಟನ್ನು ನಂಬಿಕೊಂಡರೆ ಏನಾಗುತ್ತೆ ಅನ್ನೋದನ್ನ ಈ ಊರಿಗೆ ಯಾರೂ ಹೇಳಿಕೊಡಬೇಕಿಲ್ಲ. ನಮ್ಮ ಪಾಠದಲ್ಲಿ ಇದಕ್ಕೆ 'ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್' ಅಂತಾರೆ.

ಹಾಗಾಗಿ ನಮ್ಮ ಅಭಿಪ್ರಾಯ ಇಷ್ಟೇ. ದೊಡ್ಡ ಕಂಪನಿ ಇರೋದು ತಪ್ಪಲ್ಲ. ಅದನ್ನ ಬಿಟ್ಟು ಹೋಗೋಕೆ ದಾರಿ ಇಲ್ಲದಿರೋದು ತಪ್ಪು. ಸರ್ಕಾರ ಕೈ ಕಟ್ಟಿ ಕೂತರೆ ಮಾರುಕಟ್ಟೆ ಸ್ವತಂತ್ರ ಆಗಲ್ಲ, ಬಲ ಇದ್ದವನ ಪಾಲಾಗುತ್ತೆ. ತೂಕ, ಇಳುವರಿ, ಬಾಕಿ ಎಲ್ಲ ರೈತನ ಮೊಬೈಲಿನಲ್ಲೇ ಕಾಣಬೇಕು. ಕಾರ್ಖಾನೆ ನಿಂತರೆ ಅದರ ಮೀಸಲು ಪ್ರದೇಶವೂ ಆ ಕ್ಷಣವೇ ಬಿಡುಗಡೆ ಆಗಬೇಕು.

ನಾಳೆ ಆ್ಯಪ್ ಕಟ್ಟೋರು ನಾವೇ. ಬಳಕೆದಾರ ಹೊರಗೆ ಹೋಗೋ ಬಾಗಿಲಿಗೆ ಬೀಗ ಹಾಕು ಅಂತ ಮ್ಯಾನೇಜರ್ ಹೇಳಿದ ದಿನ, ಗುತ್ತಲು ರೋಡಿನ ಆ ಟ್ರ್ಯಾಕ್ಟರ್ ಒಮ್ಮೆ ನೆನಪಾಗಲಿ.