ಕಂಪ್ಯೂಟರಿಗೆ ವಯಸ್ಸಾಯಿತೆಂದು ಹೇಳಿದವರು ಯಾರು?

2025ರ ದೀಪಾವಳಿಗೆ ಬೆಂಗಳೂರಿನ ಹೊಸಕೆರೆಹಳ್ಳಿಯಲ್ಲಿರುವ ನನ್ನ ಅಕ್ಕನ ಮನೆಗೆ ಹೋಗಿದ್ದೆ. ನಾನು ಹೋಗುವಷ್ಟರಲ್ಲಿ ಅಲ್ಲೊಂದು ಕಂಪ್ಯೂಟರಿಗೆ ಮರಣದಂಡನೆ ವಿಧಿಸಿ ಆಗಿತ್ತು. ಅಪರಾಧಿ ನಡುಮನೆಯ ಮೂಲೆಯಲ್ಲಿ ಹಳೆಯ ಪತ್ರಿಕೆಗಳ ಕಟ್ಟಿನ ಪಕ್ಕ ಗುಜರಿಯವನ ದಾರಿ ಕಾಯುತ್ತ ಕುಳಿತಿತ್ತು. ಭಾವ 2014ರಲ್ಲಿ ಕಂತಿನ ಮೇಲೆ ತಂದದ್ದು. ಅಕ್ಕನ ಮಗಳು ಕನ್ನಡ ಬೆರಳಚ್ಚನ್ನು ಅದರಲ್ಲೇ ಕಲಿತಳು. ಕೆಟ್ಟಿದೆಯೇ ಎಂದು ಕೇಳಿದೆ. ಕೆಟ್ಟಿಲ್ಲ. ಮತ್ತೇಕೆ ಹೊರಗೆ? ಇನ್ನು ಮುಂದೆ ರಕ್ಷಣೆಯಿಲ್ಲವೆಂದು ಪರದೆಯ ಮೇಲೆ ಸೂಚನೆ ಬಂದಿದೆಯಂತೆ, ನಿಧಾನವೂ ಆಗಿದೆಯಂತೆ, ಹೊಸದನ್ನೇ ಕೊಳ್ಳಬೇಕಂತೆ. ಈ ‘ಅಂತೆ’ಗಳೆಲ್ಲ ಎಲ್ಲಿಂದ ಬಂದವೆಂದು ವಿಚಾರಿಸಿದರೆ ಅಂಗಡಿಯವನ ಕಡೆ ಬೆರಳು ತೋರಿಸಿದರು. ಅಂಗಡಿಯವನಿಗೆ ಹೇಳಿದವರು ಅಮೆರಿಕದಲ್ಲಿದ್ದಾರೆ.

ಸಂಗತಿ ಇಷ್ಟು. ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶವಾದ ವಿಂಡೋಸ್ 10ನ್ನು ಮೈಕ್ರೊಸಾಫ್ಟ್ ಕಂಪೆನಿ 2015ರಲ್ಲಿ ಹೊರತಂದಿತು. 2025ರ ಅಕ್ಟೋಬರ್ 14ಕ್ಕೆ ಅದರ ಬೆಂಬಲವನ್ನು ನಿಲ್ಲಿಸಿತು. ಅಂದರೆ ಯಂತ್ರ ಓಡುತ್ತದೆ, ಆದರೆ ಹೊಸದಾಗಿ ಕಂಡುಬರುವ ಬಿರುಕುಗಳಿಗೆ ತೇಪೆ ಸಿಗುವುದಿಲ್ಲ. ಕೆಲವು ಷರತ್ತುಗಳ ಮೇಲೆ ಮನೆಬಳಕೆಯವರಿಗೆ 2026ರ ಅಕ್ಟೋಬರ್‌ವರೆಗೆ ಒಂದು ವರ್ಷದ ವಾಯಿದೆಯನ್ನೇನೋ ಘೋಷಿಸಿತು. ವಿಂಡೋಸ್ 11 ಹಾಕಿಕೊಳ್ಳೋಣವೆಂದರೆ ಟಿ.ಪಿ.ಎಂ. 2.0 ಎಂಬ ಭದ್ರತಾ ಚಿಪ್ಪು ಬೇಕು, ಇಂಟೆಲ್ ಪ್ರೊಸೆಸರಾದರೆ ಎಂಟನೆಯ ತಲೆಮಾರಿನದೋ ಆಮೇಲಿನದೋ ಆಗಿರಬೇಕು. 2017ಕ್ಕೆ ಮುಂಚೆ ಕೊಂಡ ಬಡ ಮಧ್ಯಮ ವರ್ಗದ ಯಂತ್ರಗಳೆಲ್ಲ ಹೀಗೆ ಒಂದೇ ಏಟಿಗೆ ಮುದಿಯಾದವು. ಗಟ್ಟಿಮುಟ್ಟಾದ ಎತ್ತನ್ನು, ಹೊಸ ಮಾದರಿಯ ನೊಗಕ್ಕೆ ಅದರ ಹೆಗಲು ಹೊಂದುವುದಿಲ್ಲವೆಂದು ನೊಗ ಮಾರುವವನೇ ಸಂತೆಗೆ ಅಟ್ಟಿಸಿದ ಹಾಗೆ.

ಹಾಗೆಂದು ಅಪಾಯವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ತೇಪೆಯಿಲ್ಲದ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ಮಾಡುವುದು ಚಿಲಕವಿಲ್ಲದ ಮನೆಯಲ್ಲಿ ಮಲಗಿದಂತೆಯೇ. ಆದರೆ ಚಿಲಕ ಬೇಕೆಂದು ಮನೆಯನ್ನೇ ಕೆಡವುತ್ತಾರೆಯೇ?

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ ರಿಪೇರಿ ಕೆಲಸ ಮಾಡುತ್ತಾನೆ. ತರಗತಿಯಲ್ಲಿ ಹಿಂದಿನ ಬೆಂಚಿನ ಹುಡುಗ. ಈಗ ನಾನು ಅವನ ಮುಂದೆ ನೆಲದ ಮೇಲೆ ಕುಳಿತು ಪಾಠ ಹೇಳಿಸಿಕೊಂಡೆ. ತಿರುಗುವ ಹಳೆಯ ಹಾರ್ಡ್ ಡಿಸ್ಕಿನ ಜಾಗಕ್ಕೆ ಒಂದು ಎಸ್.ಎಸ್.ಡಿ. ಹಾಕಿದ, ತನ್ನಲ್ಲಿದ್ದ ಹಳೆಯ ರ್‍ಯಾಮ್ ಪಟ್ಟಿಯೊಂದನ್ನು ಜೋಡಿಸಿದ, ವಿಂಡೋಸ್ ತೆಗೆದು ಯಾರೂ ಬೆಲೆ ಕೇಳದ ಲಿನಕ್ಸ್ ಹಾಕಿದ. ಹೊಸ ಯಂತ್ರದ ಬೆಲೆಯ ಹತ್ತರಲ್ಲೊಂದು ಪಾಲೂ ಖರ್ಚಾಗಲಿಲ್ಲ. ನಿಧಾನವೆಂಬ ದೂರು ಅಂದೇ ಮುಗಿಯಿತು. ಅಂಗಡಿ ಲೆಕ್ಕದ ಕೆಲವು ತಂತ್ರಾಂಶಗಳು ಲಿನಕ್ಸಿನಲ್ಲಿ ಓಡುವುದಿಲ್ಲ. ಅವನ್ನೇ ನಂಬಿದವರು ಮೊದಲು ವಿಚಾರಿಸಿಕೊಳ್ಳಬೇಕು. ಓದು, ಬರಹ, ಅರ್ಜಿ, ಪಾಠದ ಚಲನಚಿತ್ರಗಳಿಗೆ ಏನೂ ಕೊರತೆಯಿಲ್ಲ.

ಮೇಲಿನ ಮನೆಯವರ ಯಂತ್ರದ ಕಥೆ ಬೇರೆ. ಅದು ನಿಜವಾಗಿಯೂ ಸತ್ತಿತ್ತು. ಮದರ್‌ಬೋರ್ಡಿನ ಮೇಲಿನ ಕೆಪಾಸಿಟರುಗಳು ಹುರಿಗಡಲೆಯಂತೆ ಉಬ್ಬಿ ಒಡೆದಿದ್ದವು. ಅದಕ್ಕೆ ಬದಲಿ ತರುವುದು ಅನಿವಾರ್ಯ. ಆದರೆ ಸತ್ತ ಯಂತ್ರದಲ್ಲೂ ಬದುಕಿದ ಅಂಗಗಳಿರುತ್ತವೆ. ಪರದೆ, ಕೀಲಿಮಣೆ ಹೊಸದಕ್ಕೂ ಆದವು. ಡಿಸ್ಕನ್ನು ಯು.ಎಸ್.ಬಿ. ಪೆಟ್ಟಿಗೆಗೆ ಹಾಕಿ ಫೋಟೋಗಳ ಕಣಜ ಮಾಡಿದ. ಡೆಸ್ಕ್‌ಟಾಪಿನ ಮೂರೂವರೆ ಅಂಗುಲದ ಡಿಸ್ಕಿಗೆ 12 ವೋಲ್ಟಿನ ಪ್ರತ್ಯೇಕ ಅಡಾಪ್ಟರು ಬೇಕು, ಲ್ಯಾಪ್‌ಟಾಪಿನ ಸಣ್ಣದಕ್ಕೆ ಬೇಡ ಎಂಬುದು ಅಂದು ತಿಳಿಯಿತು. ರ್‍ಯಾಮ್ ಮಾತ್ರ ಹಾಗಲ್ಲ: ಡಿಡಿಆರ್ 3ರ ಪಟ್ಟಿ ಡಿಡಿಆರ್ 4ರ ಸೀಳಿಗೆ ಕೂಡುವುದಿಲ್ಲ, ಬಲವಂತ ಮಾಡಿದರೆ ಎರಡೂ ಹಾಳು.

ಸ್ಕ್ರೂ ಬಿಚ್ಚುವ ಉಮೇದಿನಲ್ಲಿ ನಾನು ವಿದ್ಯುತ್ ಪೆಟ್ಟಿಗೆಗೂ ಕೈ ಹಾಕಿದೆ. ಹುಡುಗ ಹೌಹಾರಿ ನನ್ನ ಕೈ ಹಿಡಿದ. ಪ್ಲಗ್ಗು ಕಿತ್ತಿದೆಯಲ್ಲ ಎಂದೆ. ಕಿತ್ತರೂ ಒಳಗಿನ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮೇಲ್ಪಟ್ಟ ವಿದ್ಯುತ್ತು ಸ್ವಲ್ಪ ಹೊತ್ತು ಕಾದು ಕುಳಿತಿರುತ್ತದೆ, ಆ ಪೆಟ್ಟಿಗೆಯನ್ನು ಮನೆಯಲ್ಲಿ ತೆರೆಯಲೇಬಾರದು ಎಂದ. ಹಳೆಯ ಡಬ್ಬಿ ಪರದೆಯದೂ ಅದೇ ಮಾತು: ಗಾಜಿನಲ್ಲಿ ಸೀಸ, ಒಳಗೆ ನಿರ್ವಾತ, ಒಡೆದರೆ ಚೂರುಗಳು ಸಿಡಿಯುತ್ತವೆ. ಎಲ್.ಇ.ಡಿ. ಬರುವುದಕ್ಕೆ ಮುಂಚಿನ ತೆಳು ಪರದೆಗಳ ಹಿಂದಿನ ದೀಪದ ಕೊಳವೆಯಲ್ಲಿ ಪಾದರಸ. ಲ್ಯಾಪ್‌ಟಾಪಿನ ಬ್ಯಾಟರಿ ಉಬ್ಬಿದ್ದರೆ ಚಾರ್ಜು ಮಾಡಕೂಡದು, ಚುಚ್ಚಕೂಡದು. ಮದರ್‌ಬೋರ್ಡಿನ ಮೇಲೆ ನಾಣ್ಯದಂಥ ಒಂದು ಸಣ್ಣ ಬ್ಯಾಟರಿಯಿರುತ್ತದೆ. ಅದನ್ನು ತಾಯಂದಿರು ವಿಶೇಷವಾಗಿ ಗಮನಿಸಬೇಕು. ಮಗು ನುಂಗಿ ಅದು ಗಂಟಲಲ್ಲಿ ಸಿಕ್ಕಿದರೆ ಎರಡು ಗಂಟೆಯೊಳಗೆ ಅನ್ನನಾಳವನ್ನು ಸುಟ್ಟೀತು. ನಾಳೆ ನೋಡೋಣ ಎನ್ನದೆ ಆ ಕ್ಷಣವೇ ಆಸ್ಪತ್ರೆಗೆ ಓಡಬೇಕು. ಇನ್ನು ಡಿಸ್ಕನ್ನು ಯಾರಿಗಾದರೂ ಕೊಡುವುದಾದರೆ ಕಡತಗಳನ್ನು ಅಳಿಸಿದರೆ ಸಾಲದು. ಅಳಿಸಿದ್ದು ಹೆಸರು ಮಾತ್ರ, ಒಳಗಿನದು ಹಾಗೆಯೇ ಇರುತ್ತದೆ. ಅದರ ಮೇಲೆ ಪೂರ್ತಿ ಹೊಸದಾಗಿ ಬರೆಸಬೇಕು, ಇಲ್ಲವೆ ತೂತು ಕೊರೆಯಬೇಕು. ಅಕ್ಕನ ಡಿಸ್ಕಿನಲ್ಲಿ ಇಡೀ ವಠಾರದವರ ಆಧಾರ್ ಪ್ರತಿಗಳಿದ್ದವು!

ಉಳಿದ ಬೋರ್ಡು, ತಂತಿ, ಡಬ್ಬಿ ಎಲ್ಲಿಗೆ ಹೋಗಬೇಕು? ನಮ್ಮ ನಾಗರಿಕ ಜನ ಕಣ್ಣು ಮುಚ್ಚಿಕೊಳ್ಳುವುದು ಇಲ್ಲಿಯೇ. ಹೊಸಕೆರೆಹಳ್ಳಿಯಿಂದ ಹೊರವರ್ತುಲ ರಸ್ತೆಯಲ್ಲಿ ಇಳಿದರೆ ಮೈಸೂರು ರಸ್ತೆಯ ನಾಯಂಡಹಳ್ಳಿ, ನಗರದ ಗುಜರಿಯ ದೊಡ್ಡ ಠಾಣ್ಯ. ಅಲ್ಲಿಂದ ಪೇಟೆಯ ಕಡೆಗೆ ಸಾಗಿದರೆ ಪಾದರಾಯನಪುರ, ಗೌರಿಪಾಳ್ಯ. ಹಳೆಯ ಬೋರ್ಡುಗಳನ್ನು ಒಡೆದು ಲೋಹ ತೆಗೆಯುವ ಕಸುಬಿಗೆ ಗೌರಿಪಾಳ್ಯದ ಕಡೆ ಬಹುಕಾಲದಿಂದ ಹೆಸರಾಗಿದೆ. ತಾಮ್ರಕ್ಕಾಗಿ ಪಿ.ವಿ.ಸಿ. ಹೊದಿಕೆಯ ತಂತಿ ಸುಟ್ಟರೆ ಬರುವ ಹೊಗೆಯಲ್ಲಿ ಡಯಾಕ್ಸಿನ್ ಎಂಬ ಘೋರ ವಿಷ. ಬಂಗಾರದ ಲೇಪವನ್ನು ಬಿಡಿಸುವುದು ಆಮ್ಲದಿಂದ. ಹಳೆಯ ಬೋರ್ಡಿನ ಬೆಸುಗೆಯಲ್ಲಿ ನೂರಕ್ಕೆ 37 ಭಾಗದಷ್ಟು ಸೀಸ. ಬೆಂಗಳೂರಿನಲ್ಲಿ ಈ ಕೆಲಸ ನಡೆಯುವ ಜಾಗಗಳ ಮಣ್ಣಿನಲ್ಲಿ ಸೀಸವೂ ಕೆಲಸಗಾರರ ತಲೆಗೂದಲಿನಲ್ಲಿ ತಾಮ್ರವೂ ಹೆಚ್ಚಾಗಿರುವುದನ್ನು 2009ರಲ್ಲಿ ಪ್ರಕಟವಾದ ವೈಜ್ಞಾನಿಕ ಅಧ್ಯಯನ ತೋರಿಸಿತು. ಅಲ್ಲಿನ ಚರಂಡಿ ಸೇರುವುದು ವೃಷಭಾವತಿಯನ್ನು, ವೃಷಭಾವತಿ ಸೇರುವುದು ಬೈರಮಂಗಲದ ಕೆರೆಯನ್ನು, ಆ ನೀರು ಹೋಗುವುದು ರೈತರ ಹೊಲಕ್ಕೆ.

ಗುಜರಿಯವನನ್ನು ಬಯ್ಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನಗರ ಬಿಸಾಡಿದ್ದನ್ನು ತೂಕ ಮಾಡಿ ಕಾಸು ಕೊಟ್ಟು ಒಯ್ಯುವವನು ಅವನು. ಕಾಯಿದೆಯಲ್ಲಿ ಅವನಿಗೂ ಒಂದು ಸ್ಥಾನವಿದೆ ಎಂಬುದು ಎಷ್ಟು ಜನಕ್ಕೆ ಗೊತ್ತು? ಕೇಂದ್ರದ 2016ರ ಇ-ತ್ಯಾಜ್ಯ ನಿಯಮಗಳು ಒಡೆಯುವ ಕೆಲಸಕ್ಕೆ ಜಾಗ ಕೊಡುವುದನ್ನು ರಾಜ್ಯದ ಕೈಗಾರಿಕಾ ಇಲಾಖೆಯ ಮೇಲೆಯೂ, ಕೆಲಸಗಾರರನ್ನು ಗುರುತಿಸಿ ನೋಂದಾಯಿಸುವುದು, ಗುಂಪು ಕಟ್ಟಲು ನೆರವಾಗುವುದು, ತರಬೇತಿ, ಆರೋಗ್ಯರಕ್ಷಣೆ ಇವನ್ನು ಕಾರ್ಮಿಕ ಇಲಾಖೆಯ ಮೇಲೆಯೂ ಹೊರಿಸಿದವು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳೂ ಆ ಹೊಣೆಯನ್ನು ಉಳಿಸಿಕೊಂಡಿವೆ. ತಯಾರಕರ ಮೇಲೂ ಗುರಿಯಿದೆ: 2023-24ರಲ್ಲಿ ನೂರಕ್ಕೆ 60, 2027-28ರಿಂದ 80ರ ಪ್ರಮಾಣದಲ್ಲಿ ಹಳೆಯದರ ಮರುಬಳಕೆಯ ಲೆಕ್ಕವನ್ನು ಅವರು ಒಪ್ಪಿಸಬೇಕು. ದಾಬಸ್‌ಪೇಟೆಯಲ್ಲಿ 2005ರಲ್ಲಿ ಆರಂಭವಾದ ಇ-ಪರಿಸರದಂಥ ಪರವಾನಗಿ ಪಡೆದ ಘಟಕಗಳು ನಮ್ಮ ರಾಜ್ಯದಲ್ಲಿವೆ. ಸತ್ತ ಬೋರ್ಡು, ಬ್ಯಾಟರಿ, ಡಬ್ಬಿ ಪರದೆಗಳು ಅಂಥ ಕಡೆಗೇ ಹೋಗತಕ್ಕದ್ದು. ಆದರೆ ಗೌರಿಪಾಳ್ಯದ ಕೂಲಿಯ ಬಾಯಿಗೆ ಮಣ್ಣು ಹಾಕಿ ಮಾಲನ್ನು ದೊಡ್ಡ ಕಾರ್ಖಾನೆಗೆ ತಿರುಗಿಸಿದರೆ ಅರ್ಧ ನ್ಯಾಯವಷ್ಟೇ ಆದೀತು. ಬಿಚ್ಚುವ, ವಿಂಗಡಿಸುವ ಕೆಲಸ ಅವನಿಗೆ, ಅದಕ್ಕೊಂದು ಗಾಳಿಯಾಡುವ ಶೆಡ್ಡು, ಕೈಗವಸು, ಅವನ ಹೆಸರಿನ ಕಾರ್ಡು. ಆಮ್ಲದ ಕೆಲಸ ಮಾತ್ರ ಯಂತ್ರಗಳುಳ್ಳ ಕಾರ್ಖಾನೆಗೆ. ನಿಯಮ ಹೇಳಿರುವುದೂ ಹೆಚ್ಚುಕಡಿಮೆ ಇದನ್ನೇ. ಈಗ ಕೇಳಬೇಕಾದ್ದು ಹೊಸ ಕಾಯಿದೆಯನ್ನಲ್ಲ, ನೋಂದಣಿಯ ಪಟ್ಟಿಯನ್ನು.

ಹಬ್ಬದ ಮಾರನೆಯ ದಿನ ಗುಜರಿಯವನು ಬಂದ. ಪತ್ರಿಕೆ ಕಟ್ಟನ್ನು ತೂಗಿ, ಬಾಗಿಲ ಸಂದಿಯಲ್ಲಿದ್ದ ಮದರ್‌ಬೋರ್ಡನ್ನು ನೋಡಿ, ಅದಕ್ಕೆ ಒಳ್ಳೆಯ ರೇಟಿದೆ ಎಂದ. ಎಲ್ಲಿಗೆ ಕೊಡುತ್ತೀರಿ ಎಂದು ಕೇಳಿದೆ. ನಾಯಂಡಹಳ್ಳಿಗೆ, ಅದರಾಚೆ ತನಗೆ ಗೊತ್ತಿಲ್ಲವೆಂದ. ಯಾರಾದರೂ ನಿಮ್ಮ ಹೆಸರು ಬರೆದುಕೊಳ್ಳಲು ಬಂದಿದ್ದರೇ ಎಂದೆ. ಓಟಿನ ಪಟ್ಟಿಗೋ ಎಂದು ಕೇಳಿದ. ಅಲ್ಲ, ಈ ಕೆಲಸಕ್ಕೆ ಎಂದೆ. ಅವನು ನಕ್ಕು, ತಕ್ಕಡಿಯನ್ನು ಸೈಕಲ್ಲಿಗೆ ತೂಗುಹಾಕಿಕೊಂಡು ಹೊರಟ.